ನಿದ್ದೆಗಣ್ಣಿನಲ್ಲಿ ಚಹಾ ಕಾಸುವವರು ಯಾರು?

ಬೆಳಗನ್ನು ಹೇಗೆ ಕಳೆಯಬೇಕು ಎಂದು ಕಲಿಸುವುದೇ ಈಗ ಒಂದು ಸಾಹಿತ್ಯ ಪ್ರಕಾರವಾಗಿ ಬೆಳೆದಿದೆ. ಯಾವುದೇ ಪುಸ್ತಕದಂಗಡಿಗೆ ಹೋಗಿ, ಕಥೆ-ಕಾದಂಬರಿಗಳಿಗಿಂತ ಮುಂದಿನ ಸಾಲಿನಲ್ಲಿ ಇವು ಕುಳಿತಿರುತ್ತವೆ. ಅಮೆರಿಕದ ಹ್ಯಾಲ್ ಎಲ್‌ರಾಡ್ 2012ರಲ್ಲಿ ಹೊರತಂದ 'ದಿ ಮಿರಾಕಲ್ ಮಾರ್ನಿಂಗ್', ಅಲ್ಲಿನ ನೌಕಾಪಡೆಯ ನಿವೃತ್ತ ಅಡ್ಮಿರಲ್ ವಿಲಿಯಂ ಮೆಕ್‌ರೇವನ್ 2017ರಲ್ಲಿ ಬರೆದ 'ಮೇಕ್ ಯುವರ್ ಬೆಡ್', ಕೆನಡಾದ ರಾಬಿನ್ ಶರ್ಮಾ 2018ರಲ್ಲಿ ಪ್ರಕಟಿಸಿದ 'ದಿ 5 ಎಎಂ ಕ್ಲಬ್' - ಹೀಗೆ ಪಟ್ಟಿ ಬೆಳೆಯುತ್ತದೆ. ನಮ್ಮ ಕಾಲೇಜು ಹುಡುಗರ ಕೈಯಲ್ಲಿ, ಆಫೀಸಿಗೆ ಹೋಗುವವರ ಚೀಲದಲ್ಲಿ ಈ ಪುಸ್ತಕಗಳಿವೆ. ಇಷ್ಟೊಂದು ಜನ ಓದುವ ಬರವಣಿಗೆಯನ್ನು ವಿಮರ್ಶೆ ಕಡೆಗಣಿಸುವುದು ಸರಿಯಲ್ಲ. ಅವು ಏನು ಹೇಳುತ್ತವೆ, ಯಾರಿಗೆ ಹೇಳುತ್ತವೆ, ಯಾರನ್ನು ಬಿಟ್ಟು ಹೇಳುತ್ತವೆ ಎಂಬುದನ್ನು ನಾವು ನೋಡಲೇಬೇಕು.

ಮೊದಲು ಅವುಗಳ ಒಳ್ಳೆಯ ಗುಣವನ್ನು ಹೇಳಿಬಿಡೋಣ. ಎಲ್‌ರಾಡ್ 1999ರಲ್ಲಿ ಭೀಕರ ಕಾರು ಅಪಘಾತಕ್ಕೆ ಸಿಕ್ಕಿ ಬದುಕಿ ಬಂದವರು. 2008ರ ಆರ್ಥಿಕ ಕುಸಿತದಲ್ಲಿ ಸಾಲದಲ್ಲಿ ಮುಳುಗಿದಾಗ ಬೆಳಗಿನ ಒಂದು ಶಿಸ್ತು ತಮ್ಮನ್ನು ಮೇಲೆತ್ತಿತು ಎನ್ನುತ್ತಾರೆ. ಅವರು ಹೇಳುವ ಆರು ಕೆಲಸಗಳೆಂದರೆ ಮೌನ, ತನಗೆ ತಾನೇ ಹೇಳಿಕೊಳ್ಳುವ ಧೈರ್ಯದ ಮಾತು, ಗುರಿಯನ್ನು ಕಣ್ಣ ಮುಂದೆ ತಂದುಕೊಳ್ಳುವುದು, ವ್ಯಾಯಾಮ, ಓದು ಮತ್ತು ಬರವಣಿಗೆ. ಶರ್ಮಾ ಐದರಿಂದ ಆರು ಗಂಟೆಯವರೆಗಿನ ಅವಧಿಯನ್ನು 20 ನಿಮಿಷಗಳ ಮೂರು ಪಾಲು ಮಾಡುತ್ತಾರೆ. ಮೊದಲ ಪಾಲು ದೇಹದ ದಣಿವಿಗೆ, ಎರಡನೆಯದು ಧ್ಯಾನ-ಚಿಂತನೆಗೆ, ಮೂರನೆಯದು ಕಲಿಕೆಗೆ. ಮೆಕ್‌ರೇವನ್ ಹೇಳುವುದು ಇನ್ನೂ ಸರಳ: ಎದ್ದ ಕೂಡಲೇ ನಿನ್ನ ಹಾಸಿಗೆಯನ್ನು ನೀನೇ ಸರಿಪಡಿಸು. ಇವುಗಳಲ್ಲಿ ಕೆಟ್ಟ ಸಲಹೆ ಯಾವುದೂ ಇಲ್ಲ. ಕಣ್ಣು ಬಿಟ್ಟೊಡನೆ ಮೊಬೈಲಿಗೆ ಕೈ ಚಾಚುವ ಕಾಲದಲ್ಲಿ ಒಂದಿಷ್ಟು ಮೌನವಾಗಿರಿ ಎಂದರೆ ಅದು ಬೇಕಾದ ಮಾತೇ.

ಆದರೆ ಈ ಪುಸ್ತಕಗಳ ಭಾಷೆಯನ್ನು ಗಮನಿಸಿ. 'ದಿ 5 ಎಎಂ ಕ್ಲಬ್'ನ ಉಪಶೀರ್ಷಿಕೆಯೇ ಬೆಳಗಿನ ಒಡೆಯನಾಗು ಎಂದು ಕರೆಯುತ್ತದೆ. ಅದರ ಕಥೆಯಲ್ಲಿ ಒಬ್ಬ ಉದ್ಯಮಿ ಹೆಂಗಸಿಗೂ ಒಬ್ಬ ಕಲಾವಿದನಿಗೂ ಪಾಠ ಹೇಳುವ ಗುರು ಒಬ್ಬ ಕೋಟ್ಯಧೀಶ. ಪಾಠ ನಡೆಯುವುದು ಮಾರಿಷಸ್ಸಿನ ಕಡಲತೀರದಲ್ಲಿ. ಇಲ್ಲಿ ಬೆಳಗೆಂದರೆ ಬಂಡವಾಳ. ಅದನ್ನು ಹೂಡಬೇಕು, ದಿನದ ಉಳಿದ ಹೊತ್ತಿನಲ್ಲಿ ಲಾಭ ತೆಗೆಯಬೇಕು. ಮೌನವೂ ಹೂಡಿಕೆ, ಓದೂ ಹೂಡಿಕೆ. ಸುಮ್ಮನೆ ಕುಳಿತು ಬೆಳಕು ಬರುವುದನ್ನು ನೋಡಿದೆ, ಖುಷಿಯಾಯಿತು, ಅಷ್ಟೇ ಎನ್ನುವ ಮನುಷ್ಯನಿಗೆ ಈ ಲೆಕ್ಕದ ಪುಸ್ತಕದಲ್ಲಿ ಜಾಗವಿಲ್ಲ. ನೆಮ್ಮದಿ ಕೊಡುತ್ತೇವೆ ಎಂದು ಆರಂಭವಾಗುವ ಪುಸ್ತಕ ಕೊನೆಗೆ ಇನ್ನೊಂದು ಪರೀಕ್ಷೆಯ ವೇಳಾಪಟ್ಟಿಯನ್ನು ಕೈಗೆ ಕೊಡುತ್ತದೆ.

ಎಲ್ಲರ ದೇಹವೂ ಒಂದೇ ಗಡಿಯಾರಕ್ಕೆ ನಡೆಯುವುದಿಲ್ಲ ಎಂಬುದನ್ನೂ ಇವು ಸಾಕಷ್ಟು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಮ್ಮ ಜೀವಕೋಶಗಳೊಳಗಿನ ದಿನ-ರಾತ್ರಿಯ ಗಡಿಯಾರ ಹೇಗೆ ಕೆಲಸ ಮಾಡುತ್ತದೆ ಎಂದು ತೋರಿಸಿದ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಬೇಗ ಏಳುವವರು, ತಡವಾಗಿ ಏಳುವವರು ಎಂಬ ವ್ಯತ್ಯಾಸದಲ್ಲಿ ವಂಶವಾಹಿಗಳ ಪಾಲೂ ಇದೆ. ಹದಿಹರೆಯದಲ್ಲಿ ಈ ಗಡಿಯಾರ ಹಿಂದಕ್ಕೆ ಸರಿಯುತ್ತದೆ. ಅದಕ್ಕೇ ಅಮೆರಿಕದ ಮಕ್ಕಳ ವೈದ್ಯರ ಸಂಘ 2014ರಲ್ಲಿ ದೊಡ್ಡ ಮಕ್ಕಳ ಶಾಲೆ ಬೆಳಿಗ್ಗೆ ಎಂಟೂವರೆಗಿಂತ ಮೊದಲು ಆರಂಭವಾಗಬಾರದು ಎಂದು ಸಲಹೆ ನೀಡಿತು. ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆ ನಿದ್ದೆ ಬೇಕೆಂಬುದು ನಿದ್ರಾ ತಜ್ಞರ ಅಭಿಪ್ರಾಯ. ರಾತ್ರಿ ಹನ್ನೆರಡಕ್ಕೆ ಪಾತ್ರೆ ತೊಳೆದು ಮಲಗಿದವಳಿಗೆ ಐದು ಗಂಟೆಗೆ ಏಳು ಎನ್ನುವುದು ಅವಳ ನಿದ್ದೆಯ ಕಳ್ಳತನ.

ಇಲ್ಲಿಯೇ ಮುಖ್ಯ ಪ್ರಶ್ನೆ ಬರುತ್ತದೆ. ಈ ಪುಸ್ತಕಗಳ ನಾಯಕ ಬೆಳಿಗ್ಗೆ ಐದಕ್ಕೆ ಎದ್ದು ವ್ಯಾಯಾಮ ಮಾಡಿ, ಧ್ಯಾನಿಸಿ, ಓದಿ ಆರು ಗಂಟೆಗೆ ಹೊರಬಂದಾಗ ಅವನ ತಿಂಡಿ ಎಲ್ಲಿಂದ ಬರುತ್ತದೆ? ಮಗುವನ್ನು ಎಬ್ಬಿಸಿದವರು ಯಾರು? ಮೆಕ್‌ರೇವನ್ನರದಂತೂ ಬ್ಯಾರಕ್ಕಿನಲ್ಲಿ ಕಲಿತ ಪಾಠ. ಅಲ್ಲಿ ಇರುವುದು ಒಬ್ಬನಿಗೊಂದು ಹಾಸಿಗೆ. ಮನೆಯಲ್ಲಿ ಐದು ಹಾಸಿಗೆಗಳಿದ್ದರೆ ಮಡಚುವವರು ಯಾರು ಎಂಬ ಪ್ರಶ್ನೆ ಅವರಿಗೆ ಎದುರಾಗುವುದಿಲ್ಲ.

ಈ ಪ್ರಶ್ನೆಗೆ ಉತ್ತರ ಹುಡುಕಲು ನಾನು ಒಂದು ಹಳೆಯ ಉರ್ದು ಪುಸ್ತಕದ ಕಡೆಗೆ ಹೋಗುತ್ತೇನೆ. ಬೆಳಗಿನ ಸುಖವನ್ನು ಅದರಷ್ಟು ಚೆನ್ನಾಗಿ ಹೇಳಿದ ಇನ್ನೊಂದು ಗದ್ಯ ನನಗೆ ಗೊತ್ತಿಲ್ಲ. ಅದು ಮೌಲಾನಾ ಅಬುಲ್ ಕಲಾಂ ಆಝಾದರ 'ಗುಬಾರೆ ಖಾತಿರ್'. ಹೆಸರಿನ ಅರ್ಥ ಮನಸ್ಸಿನೊಳಗಿನ ಧೂಳು ಎಂದು. ಉರ್ದು ಶಾಲೆಯಲ್ಲಿ ಕಲಿತವರಿಗೆ ಅದರೊಳಗಿನ ಗುಬ್ಬಚ್ಚಿಗಳ ಕಥೆ ಪರಿಚಿತ. ಸೆರೆಮನೆಯ ಕೋಣೆಯಲ್ಲಿ ಗೂಡು ಕಟ್ಟಿದ ಗುಬ್ಬಿಗಳೊಂದಿಗೆ ಮೊದಲು ಜಗಳವಾಡಿ ಆಮೇಲೆ ಸ್ನೇಹ ಬೆಳೆಸಿದ ಕಥೆ ಅದು. ಕನ್ನಡ ಓದುಗರಿಗೆ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು.

1942ರ ಆಗಸ್ಟ್ 8ರ ರಾತ್ರಿ ಮುಂಬಯಿಯಲ್ಲಿ 'ಕ್ವಿಟ್ ಇಂಡಿಯಾ' ಠರಾವು ಅಂಗೀಕಾರವಾಯಿತು. ಮರುದಿನ ಬೆಳಕು ಹರಿಯುವ ಮುನ್ನವೇ ಪೊಲೀಸರು ಬಂದರು. ಆಗ ಕಾಂಗ್ರೆಸ್ ಅಧ್ಯಕ್ಷರಾಗಿದ್ದವರು ಆಝಾದ್. ಅವರನ್ನೂ ನೆಹರೂ, ಪಟೇಲ್, ಆಸಫ್ ಅಲಿ, ಕೃಪಲಾನಿ ಮುಂತಾದವರನ್ನೂ ಅಹಮದ್‌ನಗರದ ಕೋಟೆಯಲ್ಲಿ ಕೂಡಿಹಾಕಿದರು. ಇದೇ ಕೋಟೆಯಲ್ಲಿ ನೆಹರೂ 'ಡಿಸ್ಕವರಿ ಆಫ್ ಇಂಡಿಯಾ' ಬರೆದರು. ಆಝಾದರು ಗೆಳೆಯ ಹಬೀಬುರ್‌ರಹ್ಮಾನ್ ಖಾನ್ ಶೇರ್ವಾನಿಯವರಿಗೆ ಪತ್ರಗಳನ್ನು ಬರೆಯುತ್ತ ಹೋದರು. ಅಂಚೆಗೆ ಹಾಕುವ ದಾರಿ ಇರಲಿಲ್ಲ. ಆದರೂ ಬರೆದರು. ಬಿಡುಗಡೆಯ ನಂತರ 1946ರಲ್ಲಿ ಅವು ಪುಸ್ತಕವಾಗಿ ಬಂದವು.

ಈ ಪತ್ರಗಳಲ್ಲಿ ಹಲವು ಬೆಳಗಿನ ಜಾವದಲ್ಲಿ ಬರೆದವು. ಆಝಾದರು ಮೂರರಿಂದ ನಾಲ್ಕು ಗಂಟೆಯೊಳಗೆ ಏಳುತ್ತಿದ್ದರು. ಇದು ಬಾಲ್ಯದಿಂದಲೇ ಬಂದ ಅಭ್ಯಾಸ. ಲೋಕವೆಲ್ಲ ಮಲಗಿರುವಾಗ ತಾನೊಬ್ಬ ಎಚ್ಚರವಾಗಿರುವುದರಲ್ಲಿ ಅವರಿಗೊಂದು ಹೆಮ್ಮೆ ಬೆರೆತ ಸಂತೋಷವಿತ್ತು. ಎದ್ದವರು ಚೀನಾದ ಬಿಳಿ ಮಲ್ಲಿಗೆಯ ಚಹಾದ ಡಬ್ಬಿ ತೆರೆಯುತ್ತಾರೆ. ನೀರು ಕಾಯಿಸಿ, ಎಲೆಯನ್ನು ಹದವಾಗಿ ನೆನೆಯಲು ಬಿಟ್ಟು, ಕಪ್ಪು-ಪಾತ್ರೆಗಳನ್ನು ಮೇಜಿನ ಮೇಲೆ ಅಚ್ಚುಕಟ್ಟಾಗಿ ಜೋಡಿಸಿ, ಕುರ್ಚಿಯಲ್ಲಿ ಕೂರುತ್ತಾರೆ. ಒಂದು ಗುಟುಕು ಚಹಾ, ಒಂದು ದಮ್ಮು ಸಿಗರೇಟು. ಸಿಗರೇಟಿನ ಭಾಗವನ್ನು ನಾವು ಇವತ್ತು ಅನುಸರಿಸಬೇಕಾಗಿಲ್ಲ. ಉಳಿದ ಚಿತ್ರ ಮಾತ್ರ ಮರೆಯುವಂಥದ್ದಲ್ಲ. ಹೊರಗೆ ಯುದ್ಧ, ಬಂಗಾಳದ ಕಡೆ ಬರಗಾಲ ಹತ್ತಿರವಾಗುತ್ತಿದೆ, ದೇಶದ ಭವಿಷ್ಯ ಏನೆಂದು ಯಾರಿಗೂ ತಿಳಿಯದು, ಬಿಡುಗಡೆ ಎಂದೋ ಗೊತ್ತಿಲ್ಲ. ಒಳಗೆ ಒಬ್ಬ ಮನುಷ್ಯ ಚಹಾ ಎಷ್ಟು ಹೊತ್ತು ನೆನೆಯಬೇಕು ಎಂದು ಯೋಚಿಸುತ್ತಿದ್ದಾನೆ.

ಹಾಲು-ಸಕ್ಕರೆ ಹಾಕಿದ ಚಹಾವನ್ನು ಕಂಡರೆ ಆಝಾದರಿಗೆ ಆಗುತ್ತಿರಲಿಲ್ಲ. ಈ ಹಾಳು ಅಭ್ಯಾಸ ಇಂಗ್ಲಿಷರಿಂದ ಬಂತೆಂದು ದೂರುತ್ತಾರೆ, ಅಂಥ ಚಹಾವನ್ನು ದ್ರವರೂಪದ ಹಲ್ವಾ ಎಂದು ಗೇಲಿ ಮಾಡುತ್ತಾರೆ. ಜನ ಹಾಲು-ಸಕ್ಕರೆಗಾಗಿ ಚಹಾ ಕುಡಿಯುತ್ತಾರೆ, ತಾನು ಚಹಾಕ್ಕಾಗಿ ಚಹಾ ಕುಡಿಯುವವನು ಎಂಬುದು ಅವರ ವಾದ. ನಮ್ಮ ಗೂಡಂಗಡಿಯ ಗಟ್ಟಿ ಚಹಾ ಕುಡಿದು ಬೆಳೆದವರಿಗೆ ಈ ಮಾತಿನಲ್ಲಿ ಒಂದಿಷ್ಟು ಶ್ರೀಮಂತಿಕೆಯ ಗತ್ತು ಕಾಣದೆ ಇರದು. ಬೆಳಿಗ್ಗೆ ಮಂಗಳೂರಿನ ದಕ್ಕೆಯಲ್ಲಿ ಮೀನಿನ ಬುಟ್ಟಿ ಹೊರುವವನಿಗೆ ಆ ಸಿಹಿ ಚಹಾವೇ ಅರ್ಧ ತಿಂಡಿ. ಮಲ್ಲಿಗೆಯ ಪರಿಮಳ ಅವನ ಹೊಟ್ಟೆಗೆ ಸಾಲದು.

ಆದರೂ ಆಝಾದರ ಮಾತಿನ ಒಳಗೆ ಒಂದು ದೊಡ್ಡ ಸತ್ಯವಿದೆ. ಅವರ ಬೆಳಗಿನ ಚಹಾ ಯಾವ ಲಾಭಕ್ಕೂ ಅಲ್ಲ. ಅದನ್ನು ಕುಡಿದರೆ ದಿನವಿಡೀ ಹೆಚ್ಚು ಕೆಲಸ ಮಾಡಬಹುದು ಎಂದು ಅವರು ಎಲ್ಲಿಯೂ ಹೇಳುವುದಿಲ್ಲ. ಸೆರೆಯಾಳಿಗೆ ಗೆಲ್ಲಬೇಕಾದ ದಿನವೇ ಇಲ್ಲ. ಹಾಗಿರುವಾಗಲೂ ಬೆಳಗನ್ನು ಸಿಂಗರಿಸಬಹುದು, ಅದಕ್ಕೆ ಗಮನ ಕೊಡಬಹುದು, ಒಂದು ಸಣ್ಣ ಕೆಲಸವನ್ನು ಪೂರ್ತಿ ಮನಸ್ಸಿಟ್ಟು ಮಾಡಬಹುದು ಎಂಬುದನ್ನು ಆ ಪುಟಗಳು ತೋರಿಸುತ್ತವೆ. ಈಗಿನ ಬೆಳಗಿನ ಪುಸ್ತಕಗಳಲ್ಲಿ ಆರು ಅಂಶ, ಮೂರು ಅಂಶಗಳ ಸೂತ್ರವಿದೆ. ಆಝಾದರಲ್ಲಿ ಇರುವುದು ಒಂದೇ ಅಂಶ, ಅದು ರುಚಿ. ನೆಮ್ಮದಿಯ ಬೆಳಗು ಕಟ್ಟಿಕೊಳ್ಳಬೇಕೆಂದಿರುವವರಿಗೆ ನಾನಾದರೆ ಮೊದಲು ಈ ಪತ್ರವನ್ನೇ ಓದಲು ಹೇಳುತ್ತೇನೆ.

ಆದರೆ ವಿಮರ್ಶೆ ಇಲ್ಲಿಗೇ ನಿಂತರೆ ಅದು ಬರೀ ಮೆಚ್ಚುಗೆಯಾದೀತು. ಅದೇ ಚಹಾದ ಭಾಗದಲ್ಲಿ ಆಝಾದರು ಹಾದುಹೋಗುತ್ತ ಒಂದು ಮಾತು ಹೇಳುತ್ತಾರೆ. ಇಲ್ಲಿ ಸೆರೆಮನೆಯಲ್ಲಿ ನಿದ್ದೆಗಣ್ಣಿನಲ್ಲಿ ಎದ್ದು ಬಂದು, ಚಹಾ ಸಿದ್ಧಮಾಡಿ ತನ್ನ ಮುಂದಿಡುವವರು ಯಾರೂ ಇಲ್ಲ. ಹಾಗಾಗಿ ತನ್ನ ಕೈಯಿಂದಲೇ ಮಾಡಿಕೊಳ್ಳಬೇಕಾಗಿದೆ ಎಂಬರ್ಥದ ಮಾತು ಅದು. ಹಲವು ಸಲ ಓದಿದವರೂ ಇದನ್ನು ದಾಟಿ ಹೋಗಿರಬಹುದು. ಮುಂದಿನ ಸಾಲಿನ ಸೊಗಸು ನಮ್ಮನ್ನು ಎಳೆದುಕೊಂಡು ಹೋಗುತ್ತದೆ. ಆದರೆ ಒಮ್ಮೆ ನಿಂತು ನೋಡಿದರೆ ಈ ಮಾತು ಸೆರೆಮನೆಯ ಬಗ್ಗೆ ಹೇಳುವುದಕ್ಕಿಂತ ಹೆಚ್ಚಾಗಿ ಸೆರೆಮನೆಯ ಹೊರಗಿನ ಬದುಕಿನ ಬಗ್ಗೆ ಹೇಳುತ್ತದೆ. ಹೊರಗೆ ಹಾಗೆ ಏಳುವವರು ಯಾರೋ ಇದ್ದಿರಬೇಕು. ಅದು ಆಳೋ, ಮನೆಯವರೋ ಆಝಾದರು ಹೇಳುವುದಿಲ್ಲ. ಅವರ ಕಣ್ಣಿನಲ್ಲಿ ನಿದ್ದೆ ಇತ್ತು ಎಂಬುದಷ್ಟನ್ನು ಮಾತ್ರ ಅವರು ಗಮನಿಸಿದ್ದಾರೆ. ಗಮನಿಸಿದ್ದೇ ದೊಡ್ಡದು ಎನ್ನಬೇಕು. ಎಷ್ಟೋ ಲೇಖಕರು ಅಷ್ಟನ್ನೂ ಗಮನಿಸಿಲ್ಲ.

ಇನ್ನೊಂದು ವಿಷಯವೂ ಅಲ್ಲಿಯೇ ಇದೆ. ಬೆಳಗಿನ ಹೊತ್ತು ತನಗೆ ಯಾವಾಗಲೂ ಪ್ರಿಯವಾದದ್ದು, ಆದರೆ ಸೆರೆಮನೆಯಲ್ಲಿ ಅದರ ಮತ್ತು ಬೇರೆಯೇ ಮಟ್ಟಕ್ಕೇರಿದೆ ಎಂದು ಅವರು ಬರೆಯುತ್ತಾರೆ. ಕಾರಣವೇನಿರಬಹುದು? ಏಕಾಂತ ಒಂದು ಕಾರಣ. ಇನ್ನೊಂದು ಕಾರಣ, ನನ್ನ ಓದಿನ ಪ್ರಕಾರ, ಚಹಾವನ್ನು ಅವರ ಕೈಯೇ ಮಾಡುತ್ತಿದೆ ಎಂಬುದು. ಆಝಾದರು ಇದನ್ನು ಕೊರತೆ ಎಂಬಂತೆ ಹೇಳುತ್ತಾರೆ. ಪುಟ ಮಾತ್ರ ಬೇರೆಯದನ್ನೇ ಹೇಳುತ್ತದೆ. ಡಬ್ಬಿ ತೆರೆಯುವುದು, ಎಲೆ ನೆನೆಹಾಕುವುದು, ಕಪ್ಪು ಜೋಡಿಸುವುದು - ಇವೆಲ್ಲ ಇನ್ನೊಬ್ಬರ ಕೆಲಸವಾಗಿದ್ದರೆ ಈ ಪುಟ ಹುಟ್ಟುತ್ತಲೇ ಇರಲಿಲ್ಲ. ಸಿದ್ಧವಾಗಿ ಮುಂದೆ ಬಂದ ಚಹಾದ ಬಗ್ಗೆ ಎರಡು ಸಾಲು ಬರೆಯಬಹುದು. ತಾನೇ ಮಾಡಿದ ಚಹಾದ ಬಗ್ಗೆ ಇಡೀ ಪತ್ರ ಬರೆಯಬಹುದು. ಸೇವೆ ಇಲ್ಲದ ಜಾಗದಲ್ಲಿಯೇ ಅವರಿಗೆ ಬೆಳಗಿನ ಪೂರ್ತಿ ರುಚಿ ಸಿಕ್ಕಿತು.

ಹಾಗೆಂದು ಸೆರೆಮನೆಯಲ್ಲಿ ಎಲ್ಲವನ್ನೂ ಅವರೇ ಮಾಡಿಕೊಂಡರು ಎಂದಲ್ಲ. ಅಡುಗೆಗೆ ಬೇರೆ ಜನ ಇದ್ದರು. ಹೊರಗಿನಿಂದ ಕರೆತಂದ ಅಡುಗೆಯವನೊಬ್ಬನ ಗಾಬರಿಯ ಕಥೆಯನ್ನು ಆಝಾದರು ನಗುನಗುತ್ತ ಬರೆದಿದ್ದಾರೆ. ಬೆಳಗಿನ ಒಂದೆರಡು ಗಂಟೆ ಮಾತ್ರ ಅವರು ಯಾರ ಸೇವೆಯೂ ಇಲ್ಲದ ಮನುಷ್ಯ.

ಬೆಳಗಿನ ದಿನಚರಿ ಮನಸ್ಸಿಗೆ ಶಾಂತಿ ಕೊಡುತ್ತದೆಯೇ? ಈಗಿನ ಪುಸ್ತಕಗಳು ಖಂಡಿತ ಕೊಡುತ್ತದೆ ಎಂದು ಖಾತರಿ ನೀಡುತ್ತವೆ. 'ಗುಬಾರೆ ಖಾತಿರ್' ಇದನ್ನು ಕಠಿಣ ಪರೀಕ್ಷೆಗೆ ಒಡ್ಡುತ್ತದೆ. ಆಝಾದರ ಪತ್ನಿ ಝುಲೈಖಾ ಬೇಗಂ ಕಲ್ಕತ್ತದಲ್ಲಿ ಕಾಯಿಲೆ ಬಿದ್ದರು. ಕೋಟೆಯೊಳಗೆ ಸುದ್ದಿ ಬರುತ್ತಿತ್ತು. ಬೇಕಾದರೆ ಸರಕಾರಕ್ಕೆ ವಿನಂತಿ ಮಾಡಿಕೊಳ್ಳಿ ಎಂದು ಸೆರೆಮನೆಯ ಅಧಿಕಾರಿ ಸೂಚಿಸಿದರೂ ಆಝಾದರು ಒಪ್ಪಲಿಲ್ಲ. 1943ರ ಏಪ್ರಿಲ್ 9ರಂದು ಝುಲೈಖಾ ತೀರಿಕೊಂಡರು. ಎರಡು ದಿನಗಳ ನಂತರ ಬರೆದ ಪತ್ರ ಉರ್ದು ಗದ್ಯದ ಅತ್ಯಂತ ನೋವಿನ ಪುಟಗಳಲ್ಲೊಂದು.

ಆ ಪತ್ರದಲ್ಲಿ ಅವರು ತಮ್ಮ ದಿನಚರಿಯ ಬಗ್ಗೆಯೇ ಮಾತನಾಡುತ್ತಾರೆ. ಪತ್ನಿಯ ಸ್ಥಿತಿ ಕೆಡುತ್ತಿದ್ದ ದಿನಗಳಲ್ಲೂ ಹೊರಗಿನ ಯಾವ ವ್ಯವಸ್ಥೆಯನ್ನೂ ಅವರು ಬದಲಿಸಲಿಲ್ಲ. ಏಳುವ ಹೊತ್ತು, ಊಟದ ಮೇಜಿನ ಹೊತ್ತು, ಬರೆಯುವ ಹೊತ್ತು ಎಲ್ಲವೂ ಮೊದಲಿನಂತೆಯೇ. ಪತ್ರಿಕೆ ತರುವವನ ಹೆಜ್ಜೆಯ ಸದ್ದು ಕೇಳಿದಾಗ ಎದೆ ಹೊಡೆದುಕೊಳ್ಳುತ್ತಿದ್ದರೂ ಏನೂ ಆಗಿಲ್ಲವೆಂಬಂತೆ ಕುಳಿತಿರುತ್ತಿದ್ದರು. ಆಮೇಲೆ ಅವರೇ ಒಪ್ಪಿಕೊಳ್ಳುತ್ತಾರೆ: ಈ ಶಾಂತಿ ತೋರಿಕೆಯದಾಗಿತ್ತು, ಅದರಲ್ಲಿ ತನ್ನ ಅಹಂಕಾರದ ಪಾತ್ರವೂ ಇತ್ತು ಎಂದು. ನೆಮ್ಮದಿಯ ಪಾಠ ಹೇಳುವ ಈಗಿನ ಯಾವ ಲೇಖಕ ಇಷ್ಟು ಪ್ರಾಮಾಣಿಕವಾಗಿ ಬರೆದಿದ್ದಾನೆ? ದಿನಚರಿ ದುಃಖವನ್ನು ತಡೆಯಲಿಲ್ಲ, ಕರಗಿಸಲೂ ಇಲ್ಲ. ಕುಸಿದು ಬೀಳದಂತೆ ಹಿಡಿದುಕೊಳ್ಳಲು ಒಂದು ಕೋಲಾಯಿತು, ಅಷ್ಟೇ. ಅಷ್ಟು ಸಿಕ್ಕರೂ ದೊಡ್ಡದೇ. ಅದಕ್ಕಿಂತ ಹೆಚ್ಚಿನದನ್ನು ಮಾರುವವರ ಮಾತಿಗೆ ನಾವು ಬೆಲೆ ಕೊಡಬೇಕಾಗಿಲ್ಲ.

ಈ ಪತ್ರದಲ್ಲಿ ಝುಲೈಖಾ ನಮಗೆ ಕಾಣಿಸುವುದು ಬಾಗಿಲಲ್ಲಿ. ಆಗಸ್ಟಿನಲ್ಲಿ ಗಂಡ ಮುಂಬಯಿಗೆ ಹೊರಟಾಗ ಬಾಗಿಲವರೆಗೆ ಬಂದು 'ಖುದಾ ಹಾಫಿಝ್' ಎಂದಷ್ಟೇ ಹೇಳಿದರು. ಅಂದು ಅವರ ಮುಖದಲ್ಲಿ ಎಂದೂ ಇಲ್ಲದ ಕಳವಳವಿತ್ತು ಎಂದು ಆಝಾದರು ನೆನೆಯುತ್ತಾರೆ. ಕೋಟೆಯ ಅಂಗಳದಲ್ಲಿದ್ದ, ಯಾರದೆಂದು ತಿಳಿಯದ ಹಳೆಯ ಗೋರಿಯ ಕಡೆ ಅವರ ಕಣ್ಣು ಹೋಗುತ್ತದೆ. ಓದುಗರ ಗಂಟಲು ಕಟ್ಟುತ್ತದೆ. ಪುಸ್ತಕ ಮುಚ್ಚಿದ ಮೇಲೆ ಒಂದು ಅಸಮಾಧಾನ ಮಾತ್ರ ಉಳಿಯುತ್ತದೆ. ಆಝಾದರ ಚಹಾ ಯಾವ ದೇಶದ್ದು, ಯಾವ ಬಣ್ಣದ್ದು, ಹೇಗೆ ಮಾಡಬೇಕು ಎಲ್ಲವೂ ನಮಗೆ ಗೊತ್ತು. ಕಲ್ಕತ್ತದ ಮನೆಯಲ್ಲಿ ಝುಲೈಖಾರ ಬೆಳಗು ಹೇಗಿತ್ತು? ಅವರಿಗೆ ಯಾವ ಚಹಾ ಇಷ್ಟ? ಗಂಡ ಸೆರೆಮನೆಯಲ್ಲಿದ್ದ ಅಷ್ಟೂ ವರ್ಷಗಳ ಮುಂಜಾವುಗಳಲ್ಲಿ ಅವರು ಏನು ಮಾಡುತ್ತಿದ್ದರು? ಈ ಪುಸ್ತಕ ಅದನ್ನು ಹೇಳುವುದಿಲ್ಲ. ಝುಲೈಖಾ ಮಾತು ಬಾರದ ಹೆಂಗಸೇನೂ ಆಗಿರಲಿಲ್ಲ. 1922ರಲ್ಲಿ ಆಝಾದರಿಗೆ ಒಂದು ವರ್ಷದ ಶಿಕ್ಷೆಯಾದಾಗ, ಬಂಗಾಳದ ಖಿಲಾಫತ್ ಸಮಿತಿಯ ಕೆಲಸವನ್ನು ಇನ್ನು ತಾನು ನೋಡಿಕೊಳ್ಳುವುದಾಗಿ ಗಾಂಧೀಜಿಗೆ ಸಂದೇಶ ಕಳುಹಿಸಿದವರು ಅವರು. ಅಂಥವರ ಬೆಳಗೂ ಬರವಣಿಗೆಗೆ ಬರಲಿಲ್ಲ.

ಇದು ಆಝಾದರೊಬ್ಬರ ಮೇಲಿನ ಆರೋಪವಲ್ಲ. ಬೆಳಗಿನ ಬಗ್ಗೆ ಬರೆದ ಇಡೀ ಸಾಹಿತ್ಯದ ಅಭ್ಯಾಸವೇ ಹೀಗೆ. ಅಮೆರಿಕದ ಮೇಸನ್ ಕರಿ 2013ರಲ್ಲಿ ಲೇಖಕರ, ಕಲಾವಿದರ ದಿನಚರಿಗಳನ್ನು ಸಂಗ್ರಹಿಸಿ 'ಡೈಲಿ ರಿಚುವಲ್ಸ್' ಎಂಬ ಪುಸ್ತಕ ಮಾಡಿದರು. ಅದರಲ್ಲಿದ್ದ 161 ಜನರಲ್ಲಿ ಹೆಂಗಸರು 27 ಮಾತ್ರ. ಆ ಕೊರತೆಯನ್ನು ಸ್ವತಃ ಒಪ್ಪಿಕೊಂಡು 2019ರಲ್ಲಿ 143 ಮಹಿಳೆಯರ ದಿನಚರಿಗಳ ಇನ್ನೊಂದು ಪುಸ್ತಕವನ್ನೇ ಹೊರತಂದರು. ಕಾದಂಬರಿಗಾರ್ತಿ ಟೋನಿ ಮಾರಿಸನ್ ಒಂದು ಸಂದರ್ಶನದಲ್ಲಿ ತಮ್ಮ ಬೆಳಗಿನ ಬಗ್ಗೆ ಹೇಳಿದ್ದಾರೆ. ಕತ್ತಲಿರುವಾಗಲೇ ಎದ್ದು ಕಾಫಿ ಮಾಡಿಕೊಂಡು, ಕುಡಿಯುತ್ತ ಬೆಳಕು ಬರುವುದನ್ನು ನೋಡುವುದು ಅವರ ರೂಢಿ. ಆಝಾದರ ಚಿತ್ರಕ್ಕೂ ಇದಕ್ಕೂ ಎಷ್ಟು ಹೋಲಿಕೆ! ಆದರೆ ಹುಟ್ಟಿದ ಕಾರಣ ಬೇರೆ. ಮಾರಿಸನ್ನರಿಗೆ ಪುಟ್ಟ ಮಕ್ಕಳಿದ್ದರು, ಹಗಲು ನೌಕರಿ ಇತ್ತು. ಮಕ್ಕಳು ಎದ್ದು ಅಮ್ಮಾ ಎಂದು ಕರೆಯುವ ಮುಂಚಿನ ಹೊತ್ತು ಮಾತ್ರ ಅವರದು. ಒಬ್ಬರಿಗೆ ಒಲವಿನಿಂದ ಬಂದ ನಸುಕು ಇನ್ನೊಬ್ಬರಿಗೆ ಬೇರೆ ದಾರಿಯಿಲ್ಲದೆ ಬಂತು. ಕ್ರಮೇಣ ಅದೂ ಒಲವಾಯಿತು.

ನಮ್ಮ ಮನೆಗಳ ಕಡೆ ಬರೋಣ. ಮಲಯಾಳಂನಲ್ಲಿ ಜಿಯೋ ಬೇಬಿ 2021ರಲ್ಲಿ ನಿರ್ದೇಶಿಸಿದ 'ದಿ ಗ್ರೇಟ್ ಇಂಡಿಯನ್ ಕಿಚನ್' ಚಿತ್ರವನ್ನು ನಮ್ಮಲ್ಲೂ ಅನೇಕರು ನೋಡಿದ್ದಾರೆ. ಅದರಲ್ಲಿ ಗಂಡ ಬೆಳಿಗ್ಗೆ ಯೋಗ ಮಾಡುತ್ತಾನೆ. ಒಳಗೆ ಹೆಂಗಸರು ಹೆಚ್ಚುತ್ತಿದ್ದಾರೆ, ರುಬ್ಬುತ್ತಿದ್ದಾರೆ, ಒಲೆಯ ಮುಂದೆ ಬೇಯುತ್ತಿದ್ದಾರೆ. ಮಾವನಿಗೆ ಹಲ್ಲುಜ್ಜುವ ಬ್ರಷ್ಷನ್ನೂ ಅತ್ತೆಯೇ ಕೈಗೆ ತಂದುಕೊಡಬೇಕು. ಬೆಳಗಿನ ಶಾಂತಿಯ ಬಗ್ಗೆ ಬಂದ ಅತ್ಯುತ್ತಮ ವಿಮರ್ಶೆ ಯಾವುದೆಂದು ಕೇಳಿದರೆ ನಾನು ಈ ಚಿತ್ರವನ್ನೇ ಹೆಸರಿಸುತ್ತೇನೆ. ಯೋಗ ಮಾಡುವವನು ಕೆಟ್ಟವನೆಂದು ಅದು ಕೂಗಿ ಹೇಳುವುದಿಲ್ಲ. ಅವನ ಉಸಿರಾಟದ ಲಯ ಯಾರ ದುಡಿಮೆಯ ಮೇಲೆ ನಿಂತಿದೆ ಎಂದು ತೋರಿಸುತ್ತದೆ.

ಅಂಕಿಗಳೂ ಇದನ್ನೇ ಹೇಳುತ್ತವೆ. ಭಾರತ ಸರಕಾರ 2024ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸು ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾಳೆ. ಅದೇ ಕೆಲಸಕ್ಕೆ ಕೈಹಾಕುವ ಗಂಡಸು ಕೊಡುವುದು 88 ನಿಮಿಷ. ಕೈಹಾಕುವ ಗಂಡಸರಾದರೂ ಎಷ್ಟು? ನೂರಕ್ಕೆ 27. ಹೆಂಗಸರು ನೂರಕ್ಕೆ 81ಕ್ಕಿಂತ ಹೆಚ್ಚು. 2019ರ ಸಮೀಕ್ಷೆಯಲ್ಲಿ ಈ ನಿಮಿಷಗಳು 299 ಮತ್ತು 97 ಇದ್ದವು. ಐದು ವರ್ಷಗಳಲ್ಲಿ ಹೆಂಗಸಿನ ಹೊರೆ 10 ನಿಮಿಷ ಇಳಿಯಿತು, ಗಂಡಸಿನದೂ 9 ನಿಮಿಷ ಇಳಿಯಿತು. ಅಂದರೆ ನಡುವಿನ ಅಂತರ ಇದ್ದಲ್ಲಿಯೇ ಇದೆ.

ಈ 289 ನಿಮಿಷಗಳ ದೊಡ್ಡ ಪಾಲು ಬೀಳುವುದು ಬೆಳಿಗ್ಗೆಯೇ. ಕರಾವಳಿಯ ಮನೆಯೊಂದನ್ನು ಕಲ್ಪಿಸಿಕೊಳ್ಳಿ. ಮಕ್ಕಳು ಶಾಲೆಗೆ ಮುಂಚೆ ಮದ್ರಸಕ್ಕೂ ಹೋಗಿ ಬರಬೇಕು. ಹಾಗಾಗಿ ಅವರನ್ನು ಎರಡು ಸಲ ಹೊರಡಿಸಬೇಕು. ಒಂದು ಕಡೆ ಅಕ್ಕಿರೊಟ್ಟಿ, ಇನ್ನೊಂದು ಕಡೆ ಮಧ್ಯಾಹ್ನದ ಡಬ್ಬಿಗೆ ಅನ್ನ. ನಡುವೆ ಅತ್ತೆಯ ಮಾತ್ರೆ, ಗಂಡನ ಅಂಗಿಯ ಇಸ್ತ್ರಿ. ಎಲ್ಲರೂ ಹೋದ ಮೇಲೆ ಬೀಡಿಯ ಗೆರಸಿ ಕಾಯುತ್ತಿರುತ್ತದೆ. ಒಳನಾಡಿನ ಊರುಗಳಲ್ಲಿ ಇದರ ಜೊತೆಗೆ ನಲ್ಲಿಯ ನೀರು. ಅದು ಬರುವ ಹೊತ್ತಿಗೆ ಕೊಡ ಹಿಡಿದು ನಿಲ್ಲಬೇಕು. ಇವಳಿಗೆ ಬೆಳಗಿನ ಐದು ಗಂಟೆಯ ಮಹಿಮೆಯನ್ನು ಯಾವ ಕ್ಲಬ್ಬೂ ಕಲಿಸಬೇಕಾಗಿಲ್ಲ. ಅವಳು ಎಷ್ಟೋ ವರ್ಷಗಳಿಂದ ಅದರ ಸದಸ್ಯೆ. ಅವಳಿಗೆ ಇಲ್ಲದಿರುವುದು ಕುಳಿತು ಕುಡಿಯುವ ಒಂದು ಕಪ್ ಚಹಾ. ಅವಳ ಚಹಾ ಒಲೆಯ ಪಕ್ಕದಲ್ಲಿ ಆರಿಹೋಗುತ್ತದೆ; ಮತ್ತೆ ಬಿಸಿ ಮಾಡಿದರೆ ಮತ್ತೆ ಆರುತ್ತದೆ.

ರಮಝಾನಿನ ಸಹರಿಯನ್ನು ನೋಡಿ. ಆ ಹೊತ್ತಿನ ಸೌಂದರ್ಯದ ಬಗ್ಗೆ ನಾವೆಲ್ಲ ಬರೆದಿದ್ದೇವೆ. ನಿದ್ದೆಯಿಂದ ಎಬ್ಬಿಸುವ ಕೂಗು, ಬೀದಿಯ ದೀಪ, ಬಿಸಿ ಚಪಾತಿ. ಆ ಚಪಾತಿ ಬಿಸಿಯಾಗಿರಬೇಕಾದರೆ ಒಬ್ಬಳು ಎಲ್ಲರಿಗಿಂತ ಒಂದು ಗಂಟೆ ಮುಂಚೆ ಎದ್ದಿರುತ್ತಾಳೆ. ಉಪವಾಸ ಅವಳಿಗೂ ಇದೆ. ಅವಳು ತಿನ್ನಲು ಕೂರುವಾಗ ಹೊತ್ತು ಮೀರುತ್ತಿರುತ್ತದೆ. ಆ ಸೌಂದರ್ಯದಲ್ಲಿ ಅವಳ ಪಾಲೆಷ್ಟು ಎಂದು ಕೇಳುವುದರಿಂದ ಸಹರಿಯ ಗೌರವ ಕಡಿಮೆಯಾಗುವುದಿಲ್ಲ.

ಹಾಗಾದರೆ ನೆಮ್ಮದಿಯ ಬೆಳಗನ್ನು ಬಯಸುವುದೇ ತಪ್ಪೇ? ಖಂಡಿತ ಅಲ್ಲ. ಅಂಥ ಬೆಳಗು ಎಲ್ಲರಿಗೂ ಬೇಕು. ಆದರೆ ಅದನ್ನು ಒಬ್ಬನ ಸಾಧನೆ ಎಂದು ಯೋಚಿಸುವ ಬದಲು ಒಂದು ಮನೆಯ ಏರ್ಪಾಡು ಎಂದು ಯೋಚಿಸಬೇಕು. ಆಗ ಸಲಹೆಗಳೇ ಬದಲಾಗುತ್ತವೆ. ಎಷ್ಟು ಗಂಟೆಗೆ ಏಳಬೇಕು ಎನ್ನುವುದಕ್ಕಿಂತ ಮೊದಲು, ಈ ಮನೆಯಲ್ಲಿ ಒಲೆ ಹಚ್ಚುವವರು ಯಾರು, ಅದು ಪ್ರತಿದಿನ ಅದೇ ಕೈಯೇ ಏಕೆ ಎಂದು ಕೇಳಬೇಕಾಗುತ್ತದೆ. ರಾತ್ರಿಯೇ ತರಕಾರಿ ಹೆಚ್ಚಿಡುವುದು, ಮಕ್ಕಳ ಚೀಲ ಜೋಡಿಸಿಡುವುದು, ಪಾತ್ರೆ ತೊಳೆದಿಡುವುದು ಬೆಳಗಿನ ಶಾಂತಿಯ ಅರ್ಧ ಭಾಗ. ಅದನ್ನು ಗಂಡಸರೂ ಮಾಡಬಹುದು. ಅದಕ್ಕೆ ಯಾವ ತರಬೇತಿಯೂ ಬೇಡ. ತಿಂಡಿ ದಿನವೂ ಎರಡು ಬಗೆ ಇರಬೇಕಾಗಿಲ್ಲ. ತಡವಾಗಿ ಮಲಗಿದವರು ತಡವಾಗಿ ಏಳಲಿ. ಅದನ್ನು ಸೋಮಾರಿತನ ಎನ್ನುವ ಬಾಯಿಗೆ ಬೀಗ ಬೀಳಲಿ. ಮೊಬೈಲು ಇನ್ನೊಂದು ಕೋಣೆಯಲ್ಲಿ ಮಲಗಲಿ. ಎದ್ದವರು ಹತ್ತು ನಿಮಿಷ ಅಂಗಳದಲ್ಲೋ ಮಹಡಿಯಲ್ಲೋ ಬೆಳಕಿಗೆ ಮುಖ ಕೊಟ್ಟು ನಿಂತರೆ ದೇಹದ ಗಡಿಯಾರಕ್ಕೂ ಒಳ್ಳೆಯದು, ಮನಸ್ಸಿಗೂ ಒಳ್ಳೆಯದು.

ಎಲ್ಲಕ್ಕಿಂತ ಮುಖ್ಯವಾಗಿ, ತನ್ನ ಚಹಾವನ್ನು ತಾನೇ ಮಾಡಿಕೊಳ್ಳುವುದು. ಮಾಡುವಾಗ ಇನ್ನೊಂದು ಕಪ್ ಹೆಚ್ಚಿಗೆ ಮಾಡುವುದು. ಇದು ತೀರಾ ಸಣ್ಣ ಸಲಹೆ ಎನಿಸಬಹುದು. ಆದರೆ ಮೂವತ್ತು ವರ್ಷ ಸಂಸಾರ ಮಾಡಿಯೂ ಮನೆಯಲ್ಲಿ ಚಹಾಪುಡಿಯ ಡಬ್ಬಿ ಎಲ್ಲಿದೆ ಎಂದು ತಿಳಿಯದ ಗಂಡಸರು ನಮ್ಮಲ್ಲಿ ಎಷ್ಟು ಜನ ಇದ್ದಾರೆಂದು ನೆನೆದರೆ ಅದು ಅಷ್ಟು ಸಣ್ಣದಲ್ಲ.

ಆಝಾದರ ಪತ್ರವನ್ನು ಉರ್ದು ಬಲ್ಲವರು ಮತ್ತೊಮ್ಮೆ ಓದಬೇಕು. ಸೆರೆಯಲ್ಲೂ ಬೆಳಗನ್ನು ಪ್ರೀತಿಸಲು ಕಲಿಸುವ ಪುಸ್ತಕ ಅದು. ಓದುವಾಗ ಆ ನಿದ್ದೆಗಣ್ಣಿನ ಸಾಲಿನ ಬಳಿ ಸ್ವಲ್ಪ ನಿಲ್ಲಬೇಕು. ಒಬ್ಬ ದೊಡ್ಡ ಮನುಷ್ಯನಿಗೆ ತನ್ನ ಚಹಾವನ್ನು ತಾನೇ ಮಾಡಿಕೊಳ್ಳುವ ಸುಖ ಸಿಗಲು ಬ್ರಿಟಿಷರ ಕೋಟೆಯೇ ಬೇಕಾಯಿತು. ನಮಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಅಡುಗೆಮನೆ ಹತ್ತು ಹೆಜ್ಜೆಯಲ್ಲಿದೆ.